ತಾಲ್ಲೂಕು ವರದಿಗಾರಿಕೆ, ಕ್ಯಾಮೆರಾ, ಪುಸ್ತಕ: ಪದೇ ಪದೇ ಕೇಳುವ ಪ್ರಶ್ನೆಗಳು

ತಾಲ್ಲೂಕು, ಜಿಲ್ಲಾ ಮಟ್ಟದಲ್ಲಿ ಸುದ್ದಿ ಬರೆಯುತ್ತ, ಫೋಟೊ ತೆಗೆಯುತ್ತ, ಮುಂದೊಂದು ದಿನ ಪುಸ್ತಕವನ್ನೂ ತರಬೇಕೆಂದು ಇರುವವರಿಗಾಗಿ ಈ ಪುಟ. ಉತ್ತರಗಳೆಲ್ಲ ಕರ್ನಾಟಕದ ಪರಿಸ್ಥಿತಿಗೆ ಹೊಂದುವಂಥವು.

ಪತ್ರಿಕೋದ್ಯಮದ ಪದವಿ ಇಲ್ಲದೆ ತಾಲ್ಲೂಕು ವರದಿಗಾರ ಆಗಬಹುದೇ?

ಆಗಬಹುದು. ಜಿಲ್ಲಾ ಬ್ಯೂರೊದವರು ಪದವಿಗಿಂತ ಮೊದಲು ನೋಡುವುದು ಎರಡನ್ನು: ತಪ್ಪಿಲ್ಲದ ಕನ್ನಡ, ಸಂಜೆಯೊಳಗೆ ಸುದ್ದಿ ಮುಟ್ಟಿಸುವ ಅಭ್ಯಾಸ. ಹೋಗುವಾಗ ಮೂರು ಮಾದರಿ ಬರಹ ಒಯ್ಯಿರಿ. ಒಂದು ಸಭೆಯ ವರದಿ, 200 ಪದ ಮೀರದಂತೆ. ಇನ್ನೊಂದು ದಾಖಲೆ ಇಟ್ಟು ಬರೆದ ಸಮಸ್ಯೆಯ ಸುದ್ದಿ. ಮತ್ತೊಂದು ಮೂರು ಫೋಟೊ ಇರುವ ನುಡಿಚಿತ್ರ. ಸಭೆಯ ವರದಿಯನ್ನು ಹೆಚ್ಚಿನವರು ಹಾಳು ಮಾಡುವುದು ಒಂದೇ ಕಡೆ. ವೇದಿಕೆಯಲ್ಲಿದ್ದವರ ಹೆಸರುಗಳೇ ಅರ್ಧ ವರದಿ ತುಂಬಿ, ಸಭೆಯಲ್ಲಿ ಆದ ತೀರ್ಮಾನ ಕೊನೆಯ ಪ್ಯಾರಾಕ್ಕೆ ಹೋಗಿರುತ್ತದೆ. ಜಾಗ ಸಾಲದಿದ್ದಾಗ ಡೆಸ್ಕ್‌ನವರು (ಕಚೇರಿಯಲ್ಲಿ ಸುದ್ದಿ ತಿದ್ದುವವರು) ಕತ್ತರಿಸುವುದೇ ಕೊನೆಯಿಂದ.

ಸಂಬಳ ಎಷ್ಟು ಸಿಗುತ್ತದೆ?

ಬ್ಯೂರೊ ಸಿಬ್ಬಂದಿಯಾದರೆ ತಿಂಗಳ ಸಂಬಳ. ಅರೆಕಾಲಿಕ ವರದಿಗಾರರಿಗೆ ಪದ್ಧತಿ ಬೇರೆ ಬೇರೆ: ಕೆಲವು ಕಡೆ ತಿಂಗಳಿಗೆ ಇಂತಿಷ್ಟು ಗೌರವಧನ, ಕೆಲವು ಕಡೆ ಪ್ರಕಟವಾದ ಸುದ್ದಿಯ ಅಳತೆಗೆ ಹಣ, ಫೋಟೊಕ್ಕೆ ಪ್ರತ್ಯೇಕ. ತಾಲ್ಲೂಕು ಮಟ್ಟದಲ್ಲಿ ಇದರಿಂದಲೇ ಸಂಸಾರ ನಡೆಸುವುದು ಕಷ್ಟ. ಅದನ್ನು ತಿಳಿದುಕೊಂಡೇ ಇಳಿಯಿರಿ.

ಜಾಹೀರಾತು ತಂದರೆ ಕಮಿಷನ್ ಕೊಡುವ ಪದ್ಧತಿಯೂ ಇದೆ. ಈ ವಿಷಯದಲ್ಲಿ ನಮ್ಮ ಅಭಿಪ್ರಾಯ ಖಚಿತ: ಯಾರ ಕಚೇರಿಯ ಕಾಮಗಾರಿ ಬಗ್ಗೆ ಬರೆಯುತ್ತೀರೋ ಅವರಿಂದ ಜಾಹೀರಾತು ಕೇಳಬೇಡಿ. ಹುಟ್ಟುಹಬ್ಬದ ಶುಭಾಶಯದ ಜಾಹೀರಾತು ಕೊಟ್ಟ ಗುತ್ತಿಗೆದಾರನ ರಸ್ತೆ ಕಿತ್ತುಹೋದಾಗ ಪೆನ್ನು ಏಳುವುದಿಲ್ಲ. ಎದ್ದರೂ ಊರಿನವರು ಅದನ್ನು ‘ಈ ಸಲ ಜಾಹೀರಾತು ಕೊಟ್ಟಿಲ್ಲ ಅಂತ ಬರೆದ’ ಎಂದೇ ಓದುತ್ತಾರೆ. ಕಮಿಷನ್ ಬೇಕೇ ಬೇಕೆಂದಾದರೆ ಅಂಗಡಿ, ಶಾಲೆ, ಜವಳಿ ಮಳಿಗೆಗಳಿಗೆ ಸೀಮಿತ ಮಾಡಿಕೊಳ್ಳಿ.

ಸಂಭಾವನೆಯಲ್ಲಿ ಟಿಡಿಎಸ್ (ಮೂಲದಲ್ಲೇ ತೆರಿಗೆ) ಹಿಡಿದಿದ್ದರೆ ಅದು ಆದಾಯ ತೆರಿಗೆ ಪೋರ್ಟಲ್‌ನ ನಿಮ್ಮ ವಾರ್ಷಿಕ ತೆರಿಗೆ ವಿವರದಲ್ಲಿ ಕಾಣುತ್ತದೆ. ತೆರಿಗೆ ಮಿತಿಯ ಕೆಳಗಿರುವವರು ರಿಟರ್ನ್ ಸಲ್ಲಿಸಿದರೆ ವಾಪಸ್ ಬರುತ್ತದೆ. ಅನೇಕರು ಸಣ್ಣ ಮೊತ್ತವೆಂದು ಬಿಟ್ಟುಬಿಡುತ್ತಾರೆ.

ಹಾಗಾದರೆ ಈ ವೃತ್ತಿಯಲ್ಲಿ ಉಳಿಯುವುದು ಹೇಗೆ?

ದಿನದ ಸುದ್ದಿಗೆ ಸಿಗುವ ಹಣ ದಿನಕ್ಕೇ ಮುಗಿಯುತ್ತದೆ. ಆ ಸುದ್ದಿಗಾಗಿ ತಿರುಗಾಡಿದಾಗ ಸಿಕ್ಕ ಟಿಪ್ಪಣಿ, ದಾಖಲೆ, ಫೋಟೊ ಮಾತ್ರ ನಿಮ್ಮಲ್ಲಿ ಉಳಿಯುತ್ತವೆ. ಹತ್ತು ವರ್ಷ ಒಂದೇ ತಾಲ್ಲೂಕಿನ ಕೆರೆ, ಜಾತ್ರೆ, ಶಾಲೆ, ಸಂತೆಗಳನ್ನು ದಿನಾಂಕ ಹಾಕಿ ಕೂಡಿಟ್ಟವರ ಹತ್ತಿರ ಬೇರೆ ಯಾರಲ್ಲೂ ಇಲ್ಲದ ಸಂಗ್ರಹವಿರುತ್ತದೆ. ಅಂಕಣ, ಪುರವಣಿ ಲೇಖನ, ಪುಸ್ತಕ, ಫೋಟೊ ಪ್ರದರ್ಶನ, ಸಂಶೋಧಕರಿಗೆ ಚಿತ್ರ ಒದಗಿಸುವ ಕೆಲಸ ಎಲ್ಲವೂ ಅದರಿಂದಲೇ ಹುಟ್ಟುತ್ತವೆ. ಹಾಗಾಗಿ ಮೊದಲ ದಿನದಿಂದಲೇ ಎರಡು ಕೆಲಸ ಮಾಡಿ: ಎಲ್ಲವನ್ನೂ ದಿನಾಂಕದ ಪ್ರಕಾರ ಇಡಿ, ಹಕ್ಕನ್ನು ಕೈಬಿಡಬೇಡಿ. ಎರಡಕ್ಕೂ ಉತ್ತರ ಮುಂದಿದೆ.

ಪತ್ರಿಕೆ, ಕ್ಯಾಮೆರಾ, ಪುಸ್ತಕ ಮೂರನ್ನೂ ಒಟ್ಟಿಗೆ ಮಾಡಿದವರು ನಮ್ಮಲ್ಲಿ ಇದ್ದಾರೆಯೇ?

ಮೈಸೂರಿನ ಟಿ.ಎಸ್. ಸತ್ಯನ್ (1923–2009) ಪತ್ರಿಕಾ ಛಾಯಾಗ್ರಾಹಕರಾಗಿ ಆರಂಭಿಸಿ ಸ್ವತಂತ್ರ ವೃತ್ತಿಗೆ ಹೊರಳಿದವರು. ಜನಸಾಮಾನ್ಯರ ನಿತ್ಯದ ಬದುಕನ್ನು ಕಪ್ಪು–ಬಿಳುಪಿನಲ್ಲಿ ಹಿಡಿದರು, ಪುಸ್ತಕಗಳನ್ನೂ ಬರೆದರು. 1977ರಲ್ಲಿ ಪದ್ಮಶ್ರೀ ಬಂತು. ಮೂಡಿಗೆರೆಯ ಕೆ.ಪಿ. ಪೂರ್ಣಚಂದ್ರ ತೇಜಸ್ವಿ ಕಾಫಿ ತೋಟದಲ್ಲಿದ್ದುಕೊಂಡೇ ಪತ್ರಿಕೆಗೆ ಬರೆದರು, ಹಕ್ಕಿಗಳ ಫೋಟೊ ತೆಗೆದರು. ಪುತ್ತೂರಿನ ‘ಅಡಿಕೆ ಪತ್ರಿಕೆ’ಯ ಶ್ರೀ ಪಡ್ರೆ ಮಳೆನೀರು, ಹಲಸು, ಅಡಿಕೆಯಂಥ ವಿಷಯಗಳನ್ನು ದಶಕಗಟ್ಟಲೆ ಬೆನ್ನುಹತ್ತಿ, ಊರೂರು ಸುತ್ತಿ ಬರೆದರು. ಶಿರಸಿಯ ಶಿವಾನಂದ ಕಳವೆ ಕಾಡು, ನೀರಿನ ಬಗ್ಗೆ ಅದೇ ಪಟ್ಟು ಹಿಡಿದವರು. ಇವರೆಲ್ಲರೂ ಎಲ್ಲದರ ಬಗ್ಗೆ ಸ್ವಲ್ಪ ಸ್ವಲ್ಪ ಬರೆಯಲಿಲ್ಲ, ಕೆಲವೇ ವಿಷಯಗಳನ್ನು ಬಿಡದೆ ಹಿಡಿದರು ಎಂಬುದನ್ನು ಗಮನಿಸಿ.

ಟಿಪ್ಪಣಿ ಪುಸ್ತಕದಲ್ಲಿ ಏನೇನು ಬರೆದಿರಬೇಕು?

ದಿನಾಂಕ, ಗಂಟೆ, ಊರು, ಹೋಬಳಿ, ಮಾತನಾಡಿದವರ ಪೂರ್ತಿ ಹೆಸರು, ಅವರ ಮಾತು. ‘ಹೊಸಹಳ್ಳಿ’ ಎಂದಷ್ಟೇ ಬರೆದರೆ ಎರಡು ವರ್ಷದ ಮೇಲೆ ಯಾವ ಹೊಸಹಳ್ಳಿ ಎಂದು ನಿಮಗೇ ಗೊತ್ತಾಗುವುದಿಲ್ಲ. ಒಂದೇ ತಾಲ್ಲೂಕಿನಲ್ಲಿ ಎರಡು ಮೂರು ಇರುತ್ತವೆ. ಹೆಸರನ್ನು ಅವರ ಕೈಯಿಂದಲೇ ಬರೆಸಿಕೊಳ್ಳಿ. ರುದ್ರೇಶನೋ ರುದ್ರೇಗೌಡನೋ, ಇನಿಷಿಯಲ್ ಎಚ್.ಎಸ್. ಹೌದೋ ಎಸ್.ಎಚ್. ಹೌದೋ ಎಂಬುದು ಕಿವಿಯಿಂದ ತೀರ್ಮಾನವಾಗುವ ಸಂಗತಿಯಲ್ಲ. ಸ್ವತಃ ಕಂಡದ್ದಕ್ಕೂ ಇನ್ನೊಬ್ಬರು ಹೇಳಿದ್ದಕ್ಕೂ ಬೇರೆ ಬೇರೆ ಗುರುತು ಹಾಕಿ.

ಪುಸ್ತಕ ತುಂಬಿದ ಮೇಲೆ ಎಸೆಯಬೇಡಿ. ಮಾನಹಾನಿಯ ಕ್ರಿಮಿನಲ್ ದೂರಿಗೆ 3 ವರ್ಷ, ಸಿವಿಲ್ ದಾವೆಗೆ 1 ವರ್ಷದ ಕಾಲಮಿತಿ ಇದೆ. ಅಷ್ಟು ಕಾಲವಂತೂ ಟಿಪ್ಪಣಿ ಇರಲೇಬೇಕು. ಫೋನಿನಲ್ಲಿ ಮಾಡಿದ ಧ್ವನಿಮುದ್ರಣವನ್ನು ಕತ್ತರಿಸದೆ, ಹೆಸರು ಬದಲಿಸದೆ ಮೂಲ ಕಡತವಾಗಿಯೇ ಇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ನಾಲ್ಕು ಕೈ ದಾಟಿ ಬಂದ ಪ್ರತಿಗೆ ಅದನ್ನು ಕೊಡುವವರು ಸಿಗುವುದಿಲ್ಲ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ಏನೂ ಬರುವುದಿಲ್ಲ. ಏಕೆ?

ಬಹುಮಟ್ಟಿಗೆ ಪ್ರಶ್ನೆಯಲ್ಲೇ ದೋಷವಿರುತ್ತದೆ. ‘ಕೆರೆ ಹೂಳೆತ್ತುವ ಕಾಮಗಾರಿ ಕಳಪೆ ಏಕೆ?’ ಎಂದು ಕೇಳಿದರೆ ಕೊಡಲು ಅವರಲ್ಲಿ ಕಾಗದವಿಲ್ಲ. ಕಾಯ್ದೆ ಕೊಡಿಸುವುದು ಕಚೇರಿಯಲ್ಲಿರುವ ದಾಖಲೆಯನ್ನು, ಅಭಿಪ್ರಾಯವನ್ನಲ್ಲ. ಅದೇ ಕಾಮಗಾರಿಗೆ ಹೀಗೆ ಕೇಳಿ: ‘ಇಂಥ ಗ್ರಾಮದ ಇಂಥ ಸರ್ವೆ ನಂಬರಿನ ಕೆರೆಯ ಹೂಳೆತ್ತುವ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಿತ ಪುಟಗಳು, ಅಂತಿಮ ಬಿಲ್ಲಿನ ದೃಢೀಕೃತ ಪ್ರತಿ.’ ಅಳತೆ ಪುಸ್ತಕವೇ ಇಲ್ಲಿ ಮುಖ್ಯ. ಎಂಜಿನಿಯರ್ ಯಾವ ದಿನ ಎಷ್ಟು ಘನ ಮೀಟರ್ ಮಣ್ಣು ತೆಗೆದಿದ್ದಾರೆಂದು ಬರೆದಿದ್ದಾರೋ ಅದರಲ್ಲಿರುತ್ತದೆ. ಅದನ್ನು ಹಿಡಿದು ಕೆರೆ ಅಂಗಳಕ್ಕೆ ಹೋಗಿ ಉದ್ದ, ಅಗಲ, ಆಳ ಅಳೆದರೆ ಸುದ್ದಿ ತಾನಾಗಿ ಎದ್ದು ನಿಲ್ಲುತ್ತದೆ. ಆ ದಿನಾಂಕದಂದು ಕೆರೆಯಲ್ಲಿ ನೀರಿತ್ತೇ ಎಂಬುದಕ್ಕೆ ನಿಮ್ಮದೇ ಹಳೆಯ ಫೋಟೊ ಸಾಕ್ಷಿಯಾಗಬಹುದು.

ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಶುಲ್ಕ 10 ರೂಪಾಯಿ, ಪ್ರತಿಗೆ ಪುಟಕ್ಕೆ 2 ರೂಪಾಯಿ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಅಥವಾ ಬಂದದ್ದು ಸಾಲದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ನಂತರ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು. ತಪ್ಪು ಕಚೇರಿಗೆ ಹಾಕಿದ್ದರೆ ಅವರೇ 5 ದಿನದಲ್ಲಿ ಸರಿಯಾದ ಕಡೆಗೆ ವರ್ಗಾಯಿಸಬೇಕೆಂದು 6(3)ನೇ ಕಲಂ ಹೇಳುತ್ತದೆ. ಕಡತ ದಪ್ಪವಿದ್ದರೆ ಪ್ರತಿ ಕೇಳುವ ಬದಲು ಕಡತ ಪರಿಶೀಲನೆ ಕೇಳಿ.

ಮಳೆಯ ಅಂಕಿಅಂಶದಲ್ಲಿ ಪತ್ರಿಕೆಗಳು ಒಂದೊಂದು ಒಂದೊಂದು ಬರೆಯುತ್ತವಲ್ಲ?

ಮಳೆ ಅಳೆಯುವ ದಿನ ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗೆ. ರಾತ್ರಿ ಸುರಿದದ್ದು ಮರುದಿನದ ಲೆಕ್ಕಕ್ಕೆ ಬರುತ್ತದೆ. ಜೊತೆಗೆ ಒಬ್ಬರು ತಾಲ್ಲೂಕಿನ ಸರಾಸರಿ ಬರೆದರೆ, ಇನ್ನೊಬ್ಬರು ಅತಿ ಹೆಚ್ಚು ಬಿದ್ದ ಒಂದೇ ಕೇಂದ್ರದ್ದು ಬರೆಯುತ್ತಾರೆ. ಮಳೆಮಾಪನ ಕೇಂದ್ರದ ಹೆಸರು, ಅವಧಿ ಎರಡನ್ನೂ ಬರೆದರೆ ಗೊಂದಲವಿಲ್ಲ.

ಮೊದಲ ಕ್ಯಾಮೆರಾ ಯಾವುದು ಕೊಳ್ಳಲಿ?

ಸಭೆ, ಅಪಘಾತ, ರಸ್ತೆ ಗುಂಡಿಗೆ ಒಳ್ಳೆಯ ಫೋನೇ ಸಾಕು. ಕತ್ತಲೆ ಮತ್ತು ದೂರ, ಇವೆರಡಕ್ಕೆ ಮಾತ್ರ ಕ್ಯಾಮೆರಾ ಬೇಕು. ಹೊಸ ಕ್ಯಾಮೆರಾ ಬಾಡಿ ಕೊಳ್ಳಲು ಹಣ ಸುರಿಯುವ ಬದಲು ಬಳಸಿದ ಬಾಡಿ ತೆಗೆದುಕೊಂಡು ಲೆನ್ಸಿಗೆ ಹಣ ಹಾಕಿ. ಮೊದಲು 50 ಮಿ.ಮೀ. ಎಫ್/1.8, ಕೈಯಲ್ಲಿ ಹಣ ಓಡಾಡಿದಾಗ 70–200 ಮಿ.ಮೀ. ಜೂಮ್.

ಯಕ್ಷಗಾನ, ಕಂಬಳದ ಫೋಟೊ ಕೈಕೊಡುತ್ತದೆ. ಸೆಟ್ಟಿಂಗ್ ಹೇಗಿರಬೇಕು?

ಯಕ್ಷಗಾನದಲ್ಲಿ ವೇಷದ ಹಿಂದೆ ಕಪ್ಪು ಕತ್ತಲೆ. ಕ್ಯಾಮೆರಾದ ಮೀಟರು ಆ ಕತ್ತಲೆಯನ್ನು ಬೆಳಗಿಸಲು ಹೋಗಿ ಮುಖದ ಬಣ್ಣವನ್ನು ಬಿಳಿಚಿಸಿಬಿಡುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಶನ್ ಮೈನಸ್ 0.7ರಿಂದ ಮೈನಸ್ 1ಕ್ಕೆ ಇಳಿಸಿ, ಇಲ್ಲವೇ ಮುಖಕ್ಕೆ ಸ್ಪಾಟ್ ಮೀಟರಿಂಗ್ (ಒಂದೇ ಬಿಂದುವಿನ ಬೆಳಕು ಅಳೆಯುವ ಆಯ್ಕೆ) ಹಿಡಿಯಿರಿ. ಎಫ್/2.8, ಐಎಸ್ಒ 3200ರ ಸುಮಾರು. ಧೀಂಗಿಣಕ್ಕೆ (ಗಿರಕಿ ಹೊಡೆಯುವ ಕುಣಿತ) ಷಟರ್ ವೇಗ 1/250ಕ್ಕಿಂತ ಕಡಿಮೆ ಆದರೆ ಕೈಕಾಲು ಮಸುಕಾಗುತ್ತದೆ. ಆದರೆ ಅಗ್ಗದ ಎಲ್ಇಡಿ ದೀಪವಿದ್ದ ರಂಗಸ್ಥಳದಲ್ಲಿ ಈ ವೇಗಕ್ಕೆ ಚಿತ್ರದಲ್ಲಿ ಅಡ್ಡಪಟ್ಟೆ ಬೀಳಬಹುದು. ನಮ್ಮ ವಿದ್ಯುತ್ 50 ಹರ್ಟ್ಸ್‌ನದು, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಆಗ 1/100ಕ್ಕೆ ಇಳಿದು, ವೇಷಧಾರಿ ಅರ್ಥ ಹೇಳುತ್ತ ನಿಂತ ಗಳಿಗೆಗೆ ಕಾಯಿರಿ. ಫ್ಲ್ಯಾಶ್ ಬೇಡ. ಕಿರೀಟದ ಮಿಣುಕಿನಲ್ಲಿ ಬೆಳಕು ಒಡೆದು ಚಿತ್ರವೂ ಕೆಡುತ್ತದೆ, ಕಲಾವಿದರ ಗಮನವೂ ಕೆಡುತ್ತದೆ.

ಕಂಬಳಕ್ಕೆ 1/1600 ಅಥವಾ ಅದಕ್ಕಿಂತ ವೇಗ, ನಿರಂತರ ಆಟೊಫೋಕಸ್. ಕೋಣಗಳು ಗಂತಿನಿಂದ (ಓಟ ಶುರುವಾಗುವ ತುದಿ) ಹೊರಟು ಮಂಜೊಟ್ಟಿಯ (ಓಟ ಮುಗಿಯುವ ತುದಿ) ಕಡೆಗೆ ಬರುವುದರಿಂದ ಎದುರಿನ ಚಿತ್ರ ಸಿಗುವುದು ಮಂಜೊಟ್ಟಿಯ ಬದಿಯಲ್ಲೇ. ಓಟ ಮುಗಿದ ಮೇಲೂ ಕೋಣಗಳು ಅದೇ ರಭಸದಲ್ಲಿ ಮೇಲೇರುತ್ತವೆ. ನೇರ ದಾರಿಯಲ್ಲಿ ಕೂರದೆ ಪಕ್ಕಕ್ಕಿರಿ, ಒಂದು ಕಣ್ಣು ವ್ಯೂಫೈಂಡರಿನ ಹೊರಗಿರಲಿ. ಕೆಸರು ನೀರು ಬಿದ್ದ ಲೆನ್ಸನ್ನು ಒಣಬಟ್ಟೆಯಿಂದ ಉಜ್ಜಿದರೆ ಮರಳಿನ ಕಣ ಗೀರು ಹಾಕುತ್ತದೆ. ಮೊದಲು ಊದುಬುರುಡೆಯಿಂದ ಊದಿ, ಆಮೇಲೆ ತೇವದ ಬಟ್ಟೆ.

ಮಳೆಗಾಲದಲ್ಲಿ ಲೆನ್ಸಿಗೆ ಬೂಸ್ಟು ಹಿಡಿಯುತ್ತದೆ. ಏನು ಮಾಡಲಿ?

ಕರಾವಳಿ, ಮಲೆನಾಡಿನಲ್ಲಿ ಕ್ಯಾಮೆರಾ ಚೀಲವೇ ಶತ್ರು: ಅದರ ಸ್ಪಂಜು ತೇವ ಹಿಡಿದಿಟ್ಟುಕೊಳ್ಳುತ್ತದೆ. ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, 200–300 ರೂಪಾಯಿಯ ತೇವಾಂಶ ಮಾಪಕ ಇಷ್ಟು ಸಾಕು. ಶೇ 40–50ರಲ್ಲಿ ನಿಲ್ಲಲಿ. ಜೆಲ್ ಬಣ್ಣ ಬದಲಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಬಳಸಬಹುದು; ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ. ಕಟ್ಟಿಟ್ಟ ಲೆನ್ಸಿಗಿಂತ ದಿನವೂ ಬಿಸಿಲು ಕಾಣುವ ಲೆನ್ಸಿಗೆ ಬೂಸ್ಟು ಕಡಿಮೆ.

ಪತ್ರಿಕೆಗೆ ಫೋಟೊ ಕಳಿಸುವಾಗ ಅಳತೆ ಎಷ್ಟಿರಬೇಕು?

ಪತ್ರಿಕೆಯ ಕಾಗದಕ್ಕೆ ಇಂಚಿಗೆ 200 ಪಿಕ್ಸೆಲ್ ಸಾಕು. ನಾಲ್ಕು ಕಾಲಂ ಫೋಟೊ ಅಂದಾಜು 16 ಸೆಂ.ಮೀ., ಅಂದರೆ ಆರೂವರೆ ಇಂಚಿನ ಹತ್ತಿರ: 1300 ಪಿಕ್ಸೆಲ್ ಅಗಲ. ಪುಟದ ಪೂರ್ತಿ ಅಗಲಕ್ಕೆ 2600. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ಒಳಗಿನ ದಿನಾಂಕ, ಅಡಿಬರಹದ ಮಾಹಿತಿಯೂ ಅಳಿಸಿಹೋಗುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳಿಸಿ, ಇಲ್ಲವೇ ಇಮೇಲ್ ಮಾಡಿ. ಅಡಿಬರಹದಲ್ಲಿ ಎಡದಿಂದ ಬಲಕ್ಕೆ ಹೆಸರು, ಊರು, ದಿನ ಇರಲಿ. ಚಿತ್ರದಲ್ಲಿ ಕಾಣುವುದನ್ನೇ ಮತ್ತೆ ಬರೆಯಬೇಡಿ.

ನಾನು ತೆಗೆದ ಫೋಟೊ, ಬರೆದ ಲೇಖನದ ಹಕ್ಕು ಯಾರದ್ದು?

1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಂ ಓದಿ. ನೀವು ಪತ್ರಿಕೆಯ ನೌಕರರಾಗಿದ್ದು ಕೆಲಸದ ಭಾಗವಾಗಿ ಬರೆದಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಪತ್ರಿಕೆಯಲ್ಲಿ ಪ್ರಕಟಿಸುವ ಮಟ್ಟಿಗೆ ಹಕ್ಕು ಮಾಲೀಕರದ್ದು, ಉಳಿದದ್ದು ನಿಮ್ಮದು. ನೌಕರರಲ್ಲದೆ ಹೊರಗಿನಿಂದ ಬರೆಯುವವರಾದರೆ ಹಕ್ಕು ನಿಮ್ಮದೇ, ಹಕ್ಕನ್ನೇ ಕಾಗದದಲ್ಲಿ ಬರೆದುಕೊಟ್ಟಿದ್ದರೆ ಮಾತ್ರ ಹೋಗುತ್ತದೆ. ಆದರೆ ಯಾರಾದರೂ ಹಣ ಕೊಟ್ಟು ‘ನಮಗಾಗಿ ತೆಗೆದುಕೊಡಿ’ ಎಂದು ತೆಗೆಸಿದ ಫೋಟೊದ ಮೊದಲ ಹಕ್ಕು ತೆಗೆಸಿದವರದ್ದು. ದೇವಸ್ಥಾನದ ಸ್ಮರಣಸಂಚಿಕೆಗೆ ತೆಗೆದುಕೊಟ್ಟ ಚಿತ್ರಗಳನ್ನು ಮುಂದೆ ಪುಸ್ತಕಕ್ಕೆ ಬಳಸಬೇಕೆಂದಿದ್ದರೆ ಮೊದಲೇ ಕಾಗದದಲ್ಲಿ ಬರೆಸಿಕೊಳ್ಳಬೇಕು.

ಪ್ರತಿ ಸಲ ಕಳಿಸುವಾಗ ಇಮೇಲ್‌ನಲ್ಲಿ ಒಂದು ಸಾಲು ಸೇರಿಸಿ: ‘ಈ ಚಿತ್ರ, ಬರಹವನ್ನು ನಿಮ್ಮ ಪತ್ರಿಕೆಯ ಮುದ್ರಿತ ಮತ್ತು ಜಾಲತಾಣ ಆವೃತ್ತಿಯಲ್ಲಿ ಒಂದು ಬಾರಿ ಪ್ರಕಟಿಸಲು ಕಳಿಸುತ್ತಿದ್ದೇನೆ, ಉಳಿದ ಹಕ್ಕುಗಳು ನನ್ನವು.’ ಪ್ರಕಾಶಕರ ಜೊತೆಗಿನ ಕರಾರಿನಲ್ಲಿ ಅವಧಿ ಬರೆದಿಲ್ಲದಿದ್ದರೆ 19ನೇ ಕಲಂ ಪ್ರಕಾರ ಹಕ್ಕು ವರ್ಗಾವಣೆ 5 ವರ್ಷಕ್ಕೆ ಮಾತ್ರ. ಪ್ರದೇಶ ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ. ‘ಶಾಶ್ವತವಾಗಿ, ಎಲ್ಲ ಮಾಧ್ಯಮಗಳಿಗೂ’ ಎಂಬ ಸಾಲು ಕಂಡರೆ ಸಹಿ ಮಾಡುವ ಮೊದಲು ಹೊಡೆದುಹಾಕಲು ಕೇಳಿ. ಈ ಒಂದು ಸಾಲಿನಿಂದಲೇ ಹಲವರ ಜೀವಮಾನದ ಸಂಗ್ರಹ ಕೈತಪ್ಪಿದೆ.

ನಿಜವನ್ನೇ ಬರೆದರೂ ಮಾನಹಾನಿ ಪ್ರಕರಣ ಬೀಳುತ್ತದೆಯೇ?

ಬೀಳಬಹುದು. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂನಲ್ಲಿ ನಿಜವೆಂಬುದರ ಜೊತೆ ಸಾರ್ವಜನಿಕ ಹಿತಕ್ಕಾಗಿ ಪ್ರಕಟಿಸಿದ್ದೆಂಬುದೂ ಸಾಬೀತಾಗಬೇಕು. ಆರೋಪ ಎದುರಿಸುವವರ ಪ್ರತಿಕ್ರಿಯೆಯನ್ನು ಪ್ರಕಟಣೆಗೆ ಮೊದಲೇ ಕೇಳಿ. ಫೋನ್ ಎತ್ತದಿದ್ದರೆ ಸಂದೇಶ ಕಳಿಸಿ, ಕಳಿಸಿದ ಗಂಟೆಯನ್ನು ಬರೆದಿಡಿ. ಎಫ್ಐಆರ್ ಆಧರಿಸಿ ಬರೆಯುವಾಗ ‘ದೂರಿನಲ್ಲಿ ಹೇಳಲಾಗಿದೆ’ ಎಂಬುದು ಪ್ರತಿ ಆರೋಪದ ಜೊತೆಗೂ ಇರಲಿ.

ಯಾವ ಫೋಟೊ, ಹೆಸರು ಹಾಕಲೇಬಾರದು?

ಅತ್ಯಾಚಾರ ಸಂತ್ರಸ್ತರ ಗುರುತು ಹಾಕುವುದು ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಅಪರಾಧ. ಪೋಕ್ಸೊ ಪ್ರಕರಣದ ಮಗುವಿನ, ಬಾಲನ್ಯಾಯ ಪ್ರಕರಣದಲ್ಲಿರುವ ಮಗುವಿನ ಗುರುತೂ ಹಾಗೆಯೇ. ಹೆಸರು ಬಿಟ್ಟರೆ ಸಾಲದು. ತಂದೆಯ ಹೆಸರು, ಶಾಲೆ, ಮನೆಯ ಮುಂಭಾಗದ ಫೋಟೊ, ಇವಿಷ್ಟೇ ಸಾಕು ಸಣ್ಣ ಊರಿನಲ್ಲಿ ಗುರುತು ಹಿಡಿಯಲು. ನಗರದ ಡೆಸ್ಕ್‌ನವರಿಗೆ ಇದು ಹೊಳೆಯದೆ ಇರಬಹುದು. ಊರು ಬಲ್ಲ ವರದಿಗಾರರೇ ತಡೆಯಬೇಕು. ಆತ್ಮಹತ್ಯೆಯ ಸುದ್ದಿಯಲ್ಲಿ ವಿಧಾನದ ವಿವರ ಬೇಡ, ಕಾರಣವನ್ನು ಒಂದೇ ಸಾಲಿಗೆ ಇಳಿಸುವುದೂ ಬೇಡ. ಮಾನಸಿಕ ಆರೋಗ್ಯದ ಟೆಲಿ–ಮಾನಸ್ ಸಹಾಯವಾಣಿ 14416 ಸೇರಿಸಿ.

ಪತ್ರಕರ್ತರಿಗೆ ಸರ್ಕಾರ ಕೊಡುವ ಮಾನ್ಯತಾ ಪತ್ರ ಎಲ್ಲಿ ಸಿಗುತ್ತದೆ?

ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯಿಂದ. ಅರ್ಜಿ ಜಿಲ್ಲಾ ವಾರ್ತಾ ಕಚೇರಿಯ ಮೂಲಕ. ಸಂಪಾದಕರ ಶಿಫಾರಸು, ನೇಮಕಾತಿ ಪತ್ರ, ಪ್ರಕಟಿತ ವರದಿಗಳು ಬೇಕಾಗುತ್ತವೆ. ಅರೆಕಾಲಿಕರ ಬಳಿ ನೇಮಕಾತಿ ಪತ್ರವೇ ಇರುವುದಿಲ್ಲ, ಅರ್ಜಿ ನಿಲ್ಲುವುದು ಅಲ್ಲೇ. ಕೆಲಸಕ್ಕೆ ಸೇರುವ ದಿನವೇ ಕೇಳಿ ಪಡೆಯಿರಿ.

ಅಂಕಣಗಳನ್ನು ಸೇರಿಸಿದರೆ ಪುಸ್ತಕ ಆಗುತ್ತದಲ್ಲ?

ಸೇರಿಸಿದರೆ ಕಟ್ಟು ಆಗುತ್ತದೆ, ಪುಸ್ತಕ ಆಗಲು ತಿದ್ದುವ ಕೆಲಸವಿದೆ. ‘ನಿನ್ನೆ’, ‘ಇತ್ತೀಚೆಗೆ’, ‘ಈಗಿನ ಜಿಲ್ಲಾಧಿಕಾರಿ’ ಎಂಬಲ್ಲೆಲ್ಲ ದಿನಾಂಕ, ವರ್ಷ ಬರಬೇಕು. ಪ್ರತಿ ವಾರದ ಓದುಗರಿಗಾಗಿ ಮತ್ತೆ ಮತ್ತೆ ಕೊಟ್ಟ ಪೀಠಿಕೆಯನ್ನು ಒಂದೇ ಕಡೆ ಉಳಿಸಿ, ಉಳಿದ ಕಡೆ ತೆಗೆಯಬೇಕು. ಪದಮಿತಿಗಾಗಿ ಅಂದು ಬಿಟ್ಟದ್ದನ್ನು ಟಿಪ್ಪಣಿ ಪುಸ್ತಕದಿಂದ ತಂದು ಸೇರಿಸಬೇಕು. ಪುಸ್ತಕಕ್ಕೆ ಜೀವ ಬರುವುದು ಈ ಮೂರನೆಯದರಿಂದ.

ಲೆಕ್ಕ ಹೀಗೆ: ಡೆಮಿ 1/8 ಅಳತೆಯ ಪುಟಕ್ಕೆ ಸುಮಾರು 210 ಕನ್ನಡ ಪದ. 600 ಪದದ ಅಂಕಣಕ್ಕೆ 3 ಪುಟ. 40 ಅಂಕಣಕ್ಕೆ 120, ಮುನ್ನುಡಿ, ಪರಿವಿಡಿಗೆ 8, ಒಟ್ಟು 128: ಅಂದರೆ 16 ಪುಟದ 8 ಫಾರಂ. 130 ಪುಟವಾದರೆ ಎರಡು ಪುಟಕ್ಕಾಗಿ ಮತ್ತೊಂದು ಫಾರಂ ಬೇಕಾಗುತ್ತದೆ. ಪುಟ ಹೊಂದಿಸಿಕೊಂಡೇ ಅಚ್ಚಿಗೆ ಕೊಡಿ. ಒಳಪುಟಕ್ಕೆ 70 ಜಿಎಸ್ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಮ್ಯಾಪ್ಲಿಥೊ, ಮುಖಪುಟಕ್ಕೆ 300 ಜಿಎಸ್ಎಂ ಆರ್ಟ್ ಬೋರ್ಡ್ ರೂಢಿ. ಇನ್ನೂರು, ಮುನ್ನೂರು ಪ್ರತಿಗಾದರೆ ಡಿಜಿಟಲ್ ಮುದ್ರಣ, 500 ದಾಟಿದರೆ ಆಫ್‌ಸೆಟ್ ಅಗ್ಗ.

ಮ್ಯಾಪ್ಲಿಥೊ ಕಾಗದ ಶಾಯಿ ಹೀರುತ್ತದೆ. ಪರದೆಯಲ್ಲಿ ಚೆನ್ನಾಗಿ ಕಂಡ ಕಪ್ಪು–ಬಿಳುಪು ಫೋಟೊದ ನೆರಳೆಲ್ಲ ಅಚ್ಚಿನಲ್ಲಿ ಮಸಿಯಾಗುವುದು ಅದಕ್ಕೇ. ನೆರಳನ್ನು ಸ್ವಲ್ಪ ಎತ್ತಿ, ಒಂದು ಪುಟ ಅದೇ ಕಾಗದದ ಮೇಲೆ ತೆಗೆಸಿ ನೋಡಿ. ಬಣ್ಣದ ಚಿತ್ರಗಳನ್ನು ಅಲ್ಲಲ್ಲಿ ಚದುರಿಸದೆ 130 ಜಿಎಸ್ಎಂ ಆರ್ಟ್ ಪೇಪರಿನ 8 ಪುಟಕ್ಕೆ ಸೇರಿಸಿದರೆ ಖರ್ಚು ಇಳಿಯುತ್ತದೆ. ಚಿತ್ರಗಳು 300 ಡಿಪಿಐ (ಇಂಚಿಗೆ 300 ಚುಕ್ಕಿ), ಸಿಎಂವೈಕೆ (ಮುದ್ರಣದ ನಾಲ್ಕು ಬಣ್ಣದ ಪದ್ಧತಿ) ಆಗಿರಲಿ.

‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ್ದನ್ನು ಯುನಿಕೋಡ್‌ಗೆ ಬದಲಿಸಿದಾಗ ಅಕ್ಷರ ಒಡೆಯುತ್ತದಲ್ಲ?

ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಅರ್ಕಾವೊತ್ತು, ಒತ್ತಕ್ಷರಗಳು ಬೇರೆ ಬೇರೆ ಚಿಹ್ನೆಗಳಾಗಿ ಕೂತಿರುತ್ತವೆ, ಪರಿವರ್ತಕ ಎಡವುವುದು ಅಲ್ಲಿ. ಬದಲಿಸಿದ ಮೇಲೆ ‘ರ‍್ಯಾಲಿ’ಯಂಥ ಪದಗಳು, ಅಂಕಿಗಳು, ಉದ್ಧರಣ ಚಿಹ್ನೆಗಳನ್ನು ಹುಡುಕಿ ನೋಡಿ. ಪುಟವಿನ್ಯಾಸದಲ್ಲಿ ಯುನಿಕೋಡ್ ಕನ್ನಡ ಚೆಲ್ಲಾಪಿಲ್ಲಿಯಾದರೆ ಇನ್‌ಡಿಸೈನ್‌ನಲ್ಲಿ ‘ವರ್ಲ್ಡ್ ರೆಡಿ ಕಂಪೋಸರ್’ ಆಯ್ಕೆ ಮಾಡಿಲ್ಲವೆಂದರ್ಥ. ಕೊನೆಯ ಕರಡನ್ನು ಕಾಗದದ ಮೇಲೇ ತಿದ್ದಿ.

ಐಎಸ್‌ಬಿಎನ್, ಗ್ರಂಥಾಲಯ ಖರೀದಿ?

ಪುಸ್ತಕದ ಗುರುತು ಸಂಖ್ಯೆಯಾದ ಐಎಸ್‌ಬಿಎನ್ ಅನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಆನ್‌ಲೈನ್‌ನಲ್ಲಿ ಉಚಿತವಾಗಿ ಕೊಡುತ್ತದೆ. ಸ್ವಂತ ಪ್ರಕಟಣೆಗೂ ಸಿಗುತ್ತದೆ. ಹಣ ಕೇಳುವ ಮಧ್ಯವರ್ತಿ ಬೇಕಿಲ್ಲ. 1954ರ ಪುಸ್ತಕ ಸಲ್ಲಿಕೆ ಕಾಯ್ದೆ ಪ್ರಕಾರ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯವೂ ಸೇರಿದಂತೆ ನಿಗದಿತ ಗ್ರಂಥಾಲಯಗಳಿಗೆ ಪ್ರಕಾಶಕರು ಪ್ರತಿ ಕಳಿಸಬೇಕು. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಏಕಗವಾಕ್ಷಿ ಖರೀದಿಗೆ, ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನಕ್ಕೆ ಅರ್ಜಿ ಕರೆಯುವ ಪ್ರಕಟಣೆ ಹೊರಟಾಗ ಅರ್ಜಿ ಹಾಕಿ. ಪ್ರಾಧಿಕಾರ ಕೇಳುವುದು ಅಚ್ಚಾಗದ ಹಸ್ತಪ್ರತಿಯನ್ನು. ಅವಸರಕ್ಕೆ ಮೊದಲೇ ಅಚ್ಚು ಹಾಕಿಸಿದರೆ ಅವಕಾಶ ತಪ್ಪುತ್ತದೆ.

ಸ್ವಂತ ವಾರಪತ್ರಿಕೆ ತೆರೆಯಬಹುದೇ?

ಕಾನೂನು ಸುಲಭವಾಗಿದೆ. 1867ರ ಕಾಯ್ದೆಯ ಬದಲು 2023ರ ಪತ್ರಿಕೆ ಮತ್ತು ನಿಯತಕಾಲಿಕಗಳ ನೋಂದಣಿ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದ್ದು, ಅರ್ಜಿ ಪ್ರೆಸ್ ಸೇವಾ ಪೋರ್ಟಲ್‌ನಲ್ಲಿ. ಕಷ್ಟವಿರುವುದು ಚಂದಾ ವಸೂಲಿಯಲ್ಲಿ. ಒಂದು ವರ್ಷದ ಅಚ್ಚಿನ ಖರ್ಚು ಕೈಯಲ್ಲಿ ಇಲ್ಲದೆ ಶುರು ಮಾಡಬೇಡಿ.

ಫೋಟೊ, ನೆಗೆಟಿವ್‌ಗಳನ್ನು ಹೇಗೆ ಕಾಪಾಡಲಿ?

ಕಡತದ ಹೆಸರು ವರ್ಷದಿಂದ ಶುರುವಾಗಲಿ: 20240718, ಊರು, ವಿಷಯ, ಕ್ರಮಸಂಖ್ಯೆ. ಆಗ ತಾನಾಗಿ ಕಾಲಾನುಕ್ರಮದಲ್ಲಿ ಕೂರುತ್ತದೆ. ಎರಡು ಹಾರ್ಡ್ ಡಿಸ್ಕಿನಲ್ಲಿ ಎರಡು ಪ್ರತಿ, ಅದರಲ್ಲಿ ಒಂದು ಬೇರೆ ಮನೆಯಲ್ಲಿ, ಮೂರನೆಯದು ಆನ್‌ಲೈನ್‌ನಲ್ಲಿ. ಆರು ತಿಂಗಳಿಗೊಮ್ಮೆ ಡಿಸ್ಕ್ ಚಾಲೂ ಮಾಡಿ ನಾಲ್ಕಾರು ಕಡತ ತೆರೆದು ನೋಡಿ.

35 ಮಿ.ಮೀ. ನೆಗೆಟಿವನ್ನು 3200 ಡಿಪಿಐಗೆ ಸ್ಕ್ಯಾನ್ ಮಾಡಿದರೆ ಸುಮಾರು 4500 ಪಿಕ್ಸೆಲ್ ಅಗಲ ಸಿಗುತ್ತದೆ, ಎ4 ಪುಟದ ಅಚ್ಚಿಗೆ ಸಾಕು. ಪ್ಲಾಸ್ಟಿಕ್ ಹಾಳೆಯಲ್ಲಿ ಅಂಟಿಕೊಂಡ ನೆಗೆಟಿವ್ ಎಳೆಯಬೇಡಿ, ಎಮಲ್ಷನ್ ಕಿತ್ತು ಬರುತ್ತದೆ. ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಫಿಲ್ಮಿನ ಅಸಿಟೇಟ್ ಕೊಳೆಯಲು ಶುರುವಾಗಿದೆ, ಪಕ್ಕದ ಸುರುಳಿಗಳಿಗೂ ಹರಡುತ್ತದೆ. ಅಂಥವನ್ನು ಬೇರೆ ಡಬ್ಬಿಗೆ ಹಾಕಿ, ಎಲ್ಲಕ್ಕಿಂತ ಮೊದಲು ಅವನ್ನೇ ಸ್ಕ್ಯಾನ್ ಮಾಡಿಸಿ.